ಎಲ್ಲರ ಅಕ್ಕ

ಆ ಶಾಲೆಯಲ್ಲಿ ಅವಳನ್ನು ಯಾರೂ ಹೆಡ್ ಮೇಡಂ ಎಂದು ಕರೆಯುತ್ತಿರಲಿಲ್ಲ. ಗೇಟು ಕಾಯುವವನಿಂದ ಹಿಡಿದು ನಿವೃತ್ತಿಗೆ ಬಂದಿದ್ದ ಡ್ರಾಯಿಂಗ್ ಮೇಷ್ಟ್ರವರೆಗೆ ಎಲ್ಲರಿಗೂ ಅವಳು ಅಕ್ಕ. ಡ್ರಾಯಿಂಗ್ ಮೇಷ್ಟ್ರು ವಯಸ್ಸಿನಲ್ಲಿ ಅವಳಿಗಿಂತ ಎಷ್ಟೋ ದೊಡ್ಡವರು. ಆದರೂ "ಅಕ್ಕ, ಬಣ್ಣ ಮುಗೀತು" ಎಂದು ಆಫೀಸಿನ ಬಾಗಿಲಲ್ಲಿ ತಲೆ ತೂರಿಸುತ್ತಿದ್ದರು. ಅಲ್ಲಿ ಕೆಲಸ ಮಾಡುವವರಲ್ಲಿ ಅವಳನ್ನು ಮೇಡಂ ಎನ್ನುತ್ತಿದ್ದವಳು ಒಬ್ಬಳೇ. ಅವಳ ಒಡಹುಟ್ಟಿದ ತಂಗಿ.

ಗಣಿತ ಹೇಳಿಕೊಡುತ್ತಿದ್ದವಳು ಚಿಕ್ಕ ವಯಸ್ಸಿಗೇ ಮುಖ್ಯೋಪಾಧ್ಯಾಯಿನಿಯಾದಳು. ಆ ಕುರ್ಚಿಗೆ ಬಂದವರು ಸಾಮಾನ್ಯವಾಗಿ ಆಫೀಸು ಬಿಟ್ಟು ಏಳುವುದಿಲ್ಲ. ಬೆಲ್ಲು, ಫೋನು, ಬಾಗಿಲಲ್ಲಿ ಮುಖ ಊದಿಸಿಕೊಂಡು ನಿಂತ ತಂದೆತಾಯಿ, ಇಷ್ಟರಲ್ಲೇ ಸಂಜೆಯಾಗುತ್ತದೆ. ಅಕ್ಕ ಹಾಗಲ್ಲ. ದಿನಕ್ಕೊಂದು ತರಗತಿಗೆ ಹೋಗಿ ಕೊನೆಯ ಬೆಂಚಿನಲ್ಲಿ, ಮಂಡಿ ಡೆಸ್ಕಿಗೆ ಒತ್ತುತ್ತಿದ್ದರೂ, ಮಕ್ಕಳ ನಡುವೆ ತೂರಿ ಕೂರುತ್ತಿದ್ದಳು. ಕೈಯಲ್ಲಿ ಪೆನ್ನಿಲ್ಲ, ಕಾಗದವಿಲ್ಲ. ಪಾಠ ಮುಗಿದ ಮೇಲೆ ಟೀಚರನ್ನು ಕಾರಿಡಾರಿನ ತುದಿಗೆ ಕರೆದೊಯ್ದು ಒಂದೇ ಒಂದು ಮಾತು ಹೇಳುತ್ತಿದ್ದಳು. ಎರಡು ಹೇಳಿದರೆ ಒಂದೂ ತಲೆಗೆ ಹತ್ತುವುದಿಲ್ಲ ಎಂಬುದು ಅವಳ ಲೆಕ್ಕ.

ಇಂಗ್ಲಿಷ್ ಟೀಚರ್ ಹುಡುಗಿಯನ್ನೇ ತೆಗೆದುಕೊಳ್ಳಿ. ಕೆಲಸಕ್ಕೆ ಸೇರಿದ ಮೊದಲ ವಾರವೇ ಆಟದ ಸಾಮಾನಿನ ಕೋಣೆಯಲ್ಲಿ, ಗಾಳಿ ಹೋದ ಫುಟ್‌ಬಾಲುಗಳ ಮಧ್ಯೆ ಕೂತು ಬಿಕ್ಕಿಬಿಕ್ಕಿ ಅಳುತ್ತಿದ್ದಳು. ಎಂಟನೇ ತರಗತಿಯವರು ಅವಳ ದನಿಯನ್ನೇ ಅಣಕಿಸಿದ್ದರು. ಅಕ್ಕ ಬಾಗಿಲು ಮುಂದೆ ಮಾಡಿ, ಚಾಪೆಯ ಸುರುಳಿಯ ಮೇಲೆ ಕೂತಳು.

"ನಾಳೆಯಿಂದ ಬೋರ್ಡ್ ಹತ್ರ ನಿಲ್ಲಬೇಡ. ಒಳಗೆ ಹೋದವಳೇ ಸೀದಾ ಹಿಂದಿನ ಬೆಂಚಿಗೆ ಹೋಗಿ ಅಲ್ಲಿಂದ ಪಾಠ ಶುರು ಮಾಡು. ಗಲಾಟೆ ಮಾಡೋರ ಪಕ್ಕದಲ್ಲೇ ನಿಂತ್ಕೊ. ಪಕ್ಕದಲ್ಲಿ ನಿಂತವರನ್ನ ಅಣಕಿಸೋಕೆ ಯಾರಿಗೂ ಧೈರ್ಯ ಬರಲ್ಲ."

"ಅಷ್ಟೇನಾ ಅಕ್ಕ?"

"ಅಷ್ಟೇ. ಮುಖ ತೊಳ್ಕೊ. ಮೂಗು ಟೊಮೆಟೊ ಆಗಿದೆ."

ಆ ಹುಡುಗಿ ಆಮೇಲೆ ಎಂಥ ಟೀಚರ್ ಆದಳೆಂದರೆ, ಅವಳ ತರಗತಿಯ ಕಿಟಕಿ ದಾಟುವವರು ಕಾಲು ನಿಧಾನ ಮಾಡುತ್ತಿದ್ದರು. ಹೀಗೆ ಒಬ್ಬರಾದ ಮೇಲೆ ಒಬ್ಬರು. ಯಾರ ಪಾಠ ಎಡವಿದರೂ ಅವರೇ ಆಫೀಸಿಗೆ ಬಂದು, "ಅಕ್ಕ, ನಾಳೆ ನನ್ನ ಕ್ಲಾಸಿಗೆ ಸ್ವಲ್ಪ ಬಂದು ಹೋಗಿ" ಎಂದು ಕರೆಯುತ್ತಿದ್ದರು. ಮೇಲಿನವರು ಪಾಠ ನೋಡಲು ಬಂದರೆ ಎದೆ ಡವಗುಟ್ಟುವ ಈ ವೃತ್ತಿಯಲ್ಲಿ ಹಾಗೆ ಕರೆಸಿಕೊಳ್ಳುವುದು ಸಣ್ಣ ವಿಷಯವಲ್ಲ. ಅಕ್ಕನಿಗೂ ಅದು ಗೊತ್ತಿತ್ತು. ಅದರ ಬಗ್ಗೆ ಅವಳಿಗೆ ಒಳಗೊಳಗೇ ಜಂಬವೂ ಇತ್ತು.

ತಂಗಿ ಅವಳಿಗಿಂತ ತುಂಬಾ ಚಿಕ್ಕವಳು. ಚಿಕ್ಕಂದಿನಲ್ಲಿ ಅಕ್ಕ ಶಾಲೆಯಿಂದ ಬಂದವಳೇ ಚೀಲ ಬಿಸಾಕಿ ಅವಳನ್ನು ಸೊಂಟಕ್ಕೇರಿಸಿಕೊಳ್ಳುತ್ತಿದ್ದಳು. ಮನೆಯಲ್ಲಿ ಅವಳಿಗೆ ಪುಟ್ಟಿ ಎಂದೇ ಹೆಸರು. ಮದುವೆಯಾಗಿ ಮಗಳು ಹುಟ್ಟಿದ ಮೇಲೂ ಪುಟ್ಟಿಯೇ. ಅಕ್ಕನನ್ನು ನೋಡಿಯೇ ಟೀಚರಾದಳು. ಆದರೆ ಅವಳ ಅದೃಷ್ಟವೋ ಏನೋ, ಸೇರಿದ ಎರಡು ಪುಟ್ಟ ಶಾಲೆಗಳೂ ಒಂದರ ಹಿಂದೊಂದು ಮುಚ್ಚಿದವು. "ನನ್ನ ಕಾಲ್ಗುಣ ನೋಡೇ ಅಕ್ಕ, ಕಾಲಿಟ್ಟಲ್ಲೆಲ್ಲ ಬೀಗ" ಎಂದು ತಾನೇ ನಗುತ್ತಿದ್ದಳು. ಅದೇ ಹೊತ್ತಿಗೆ ಅಕ್ಕನ ಶಾಲೆಯಲ್ಲಿ ಸಮಾಜ ವಿಜ್ಞಾನಕ್ಕೆ ಜಾಗ ಖಾಲಿಯಾಯಿತು. ಸಂದರ್ಶನದ ದಿನ ಅಕ್ಕ ಎದ್ದು ಹೊರಗೆ ಹೋಗಿ, ಮುಗಿಯುವವರೆಗೂ ಮೈದಾನದಲ್ಲಿ ಸುತ್ತು ಹಾಕಿದಳು. ಒಳಗಿದ್ದವರು ಅವಳನ್ನು ಕೇಳದೆಯೇ ತಂಗಿಯನ್ನು ಆರಿಸಿದರು.

ಆ ಸಂಜೆ ಅಡುಗೆಮನೆಯಲ್ಲಿ ಅಕ್ಕ ಕಟ್ಟಪ್ಪಣೆ ಮಾಡಿದಳು.

"ಒಂದು ಮಾತು. ಗೇಟಿನ ಒಳಗೆ ನಾನು ನಿನ್ನ ಅಕ್ಕ ಅಲ್ಲ. ಮೇಡಂ ಅನ್ಬೇಕು."

"ಅಲ್ಲಿ ಎಲ್ಲರೂ ನಿನ್ನನ್ನ ಅಕ್ಕ ಅಂತಾರಂತಲ್ಲೇ?"

"ಅವರು ಅಂದ್ರೆ ಅಭಿಮಾನ. ನೀನು ಅಂದ್ರೆ ಸಂಬಂಧ."

"ಸರಿ ಮೇಡಂ," ಎಂದು ತಂಗಿ ಮೂಗು ಸುಕ್ಕಿಸಿದಳು. ಅಕ್ಕನ ಜೊತೆಯಲ್ಲೇ ಇದ್ದ ತಾಯಿ ಒಳಕೋಣೆಯಿಂದ, "ಅವಳು ಮೇಡಂ ಆದ್ರೆ ನಾನು ಯಾರು, ಅಧ್ಯಕ್ಷರಾ?" ಎಂದು ಕೂಗಿದರು. ಎಲ್ಲರೂ ನಕ್ಕರು. ಆ ಮಾತು ನಗುವಿಗಷ್ಟೇ ಎಂದು ತಂಗಿ ತಿಳಿದಿದ್ದಳು. ಅಕ್ಕ ನಿಜಕ್ಕೂ ಹೇಳಿದ್ದಳು.

ತಂಗಿ ಸೇರಿದ ತಿಂಗಳಲ್ಲೇ ಒಂದು ದಿನ ಅಕ್ಕ ಅವಳ ಪಾಠ ನೋಡಲು ಹೊರಟಳು. ಹೊಸಬರ ತರಗತಿಗೆ ಹೋಗುವುದು ವಾಡಿಕೆ. ಬಾಗಿಲವರೆಗೂ ಹೋಗಿದ್ದಳು. ಒಳಗಿಂದ ತಂಗಿಯ ದನಿ, ಮಕ್ಕಳ ಗುಜುಗುಜು ಕೇಳುತ್ತಿತ್ತು. ಅಷ್ಟರಲ್ಲಿ ಹಿಂದಿನಿಂದ ವಿಜ್ಞಾನದ ಮೀಸೆ ಮೇಷ್ಟ್ರು ಬಂದರು. ಪಾಠದಲ್ಲಿ ಗಟ್ಟಿಗರು, ನಾಲಿಗೆಯಲ್ಲಿ ಅದಕ್ಕಿಂತ ಗಟ್ಟಿಗರು. "ಏನಕ್ಕ, ಮನೇಲಿ ನೋಡಿದ್ದು ಸಾಲದೆ ಇಲ್ಲೂ ತಂಗಿ ಮುಖ ನೋಡ್ಬೇಕು ಅನಿಸ್ತಾ?" ಎಂದು ನಕ್ಕು, ಪರೀಕ್ಷಾನಳಿಕೆಗಳ ತಟ್ಟೆ ಹಿಡಿದುಕೊಂಡು ಮುಂದೆ ಹೋದರು.

ಅಕ್ಕನ ಕಿವಿ ಬಿಸಿಯಾಯಿತು. ಬಾಗಿಲ ಮೇಲಿಟ್ಟ ಕೈ ತೆಗೆದು ಆಫೀಸಿಗೆ ವಾಪಸಾದಳು. ಆಮೇಲೆ ಆ ಬಾಗಿಲ ಕಡೆ ಹೋಗಲೇ ಇಲ್ಲ.

ಇಷ್ಟಕ್ಕೇ ನಿಂತಿದ್ದರೆ ಬೇರೆ ಮಾತು. ಸ್ಟಾಫ್‌ರೂಮಿನಲ್ಲಿ ಯಾರೋ "ತಂಗಿಗೆ ಬೆಳಗಿನ ಪೀರಿಯಡ್ಡು ಬಿದ್ದಿದೆ" ಎಂದದ್ದು ಕಿವಿಗೆ ಬಿತ್ತು. ಮಾರನೆಯ ವಾರ ತಂಗಿಯ ಪಾಠಗಳು ದಿನದ ಕೊನೆಗೆ ಹೋದವು. ಮಕ್ಕಳ ಕಣ್ಣು ಗೋಡೆ ಗಡಿಯಾರದ ಮೇಲೆ, ಕೈ ಚೀಲದ ಮೇಲೆ ಇರುವ ಹೊತ್ತು ಅದು. ಯಾರಾದರೂ ರಜೆ ಹಾಕಿದರೆ ಅವರ ತರಗತಿಗೂ ತಂಗಿಯೇ ಹೋಗಬೇಕು. ಎಲ್ಲರೂ ಕೈಮುಗಿದು ಬಿಟ್ಟಿದ್ದ ಏಳನೇ ತರಗತಿಯ ಮೂರನೇ ವಿಭಾಗವೂ ಅವಳ ಪಾಲಿಗೇ ಬಂತು. ಪಕ್ಷಪಾತ ಎಂಬ ಮಾತು ಹುಟ್ಟುವ ಮೊದಲೇ ಅದರ ಬೇರು ಕಿತ್ತುಹಾಕುತ್ತಿದ್ದೇನೆ ಎಂದುಕೊಂಡಿದ್ದಳು ಅಕ್ಕ. ಕೀಳುತ್ತಿದ್ದದ್ದು ತಂಗಿಯ ಉಸಿರನ್ನು.

ಒಮ್ಮೆ ತಂಗಿ ಆಫೀಸಿಗೆ ಬಂದು, ಕೂರು ಎನ್ನುವವರೆಗೂ ನಿಂತೇ ಇದ್ದಳು.

"ಮೇಡಂ, ಏಳನೇ ಕ್ಲಾಸು ಕೈಗೇ ಸಿಗ್ತಿಲ್ಲ. ಪ್ರಶ್ನೆ ಕೇಳಿದ್ರೆ ಒಬ್ಬರೂ ಬಾಯಿ ಬಿಡಲ್ಲ. ಒಂದ್ಸಲ ಬಂದು ಕೂತ್ಕೊಳ್ತೀರಾ?"

"ನೋಡೋಣ. ಈ ವಾರ ಕಷ್ಟ."

ಆ ವಾರವೇ ಅಕ್ಕ ಬೇರೆ ಐದು ಜನರ ಪಾಠಕ್ಕೆ ಹೋಗಿದ್ದಳು. ತಂಗಿಯೂ ಅದನ್ನು ನೋಡಿದ್ದಳು.

ಶಾಲೆಯಲ್ಲಿ ಆಗದಿದ್ದರೆ ಮನೆಯಲ್ಲಾದರೂ ಎಂದು, ರಜೆಯ ದಿನ ತಾಯಿಯನ್ನು ನೋಡಲು ಬಂದಾಗ ಈರುಳ್ಳಿ ಹೆಚ್ಚುತ್ತ ಕೇಳಿದಳು. "ಅಕ್ಕ, ಊರಿಗೆಲ್ಲ ಹೇಳಿಕೊಡ್ತೀಯ. ನನಗೂ ಒಂದು ಮಾತು ಹೇಳೇ. ನಾನೆಲ್ಲಿ ತಪ್ತಿದ್ದೀನಿ?"

"ಮನೇಲಿ ಶಾಲೆ ಸುದ್ದಿ ಬೇಡ ಪುಟ್ಟಿ."

"ಅಲ್ಲಿ ನೀನು ಅಕ್ಕ ಅಲ್ಲ, ಇಲ್ಲಿ ನೀನು ಮೇಡಂ ಅಲ್ಲ. ನಾನೆಲ್ಲಿಗೆ ಹೋಗಿ ಕೇಳ್ಲಿ?" ತಂಗಿ ನಗುತ್ತಲೇ ಅಂದಳು. ಕಣ್ಣಲ್ಲಿ ನೀರಿತ್ತು, ಈರುಳ್ಳಿಯದೇ ಇರಬೇಕು ಎಂದು ಅಕ್ಕ ತನಗೆ ತಾನೇ ಹೇಳಿಕೊಂಡಳು.

ಮುಖ್ಯರಸ್ತೆಯಲ್ಲಿ ಗಾಜಿನ ಗೋಡೆಯ ಹೊಸ ಶಾಲೆಯೊಂದು ಎದ್ದಿತು. ಹಳದಿ ಬಸ್ಸುಗಳು ಬೀದಿಬೀದಿಗೆ ಬಂದು ಮಕ್ಕಳನ್ನು ಹತ್ತಿಸಿಕೊಳ್ಳತೊಡಗಿದವು. ವರ್ಷ ತಿರುಗುವಷ್ಟರಲ್ಲಿ ಅಕ್ಕನ ಶಾಲೆಯ ಬೆಂಚುಗಳು ಖಾಲಿ ಹೊಡೆಯತೊಡಗಿ, ಎರಡೆರಡು ವಿಭಾಗ ಸೇರಿಸಿ ಒಂದು ಮಾಡಬೇಕಾಯಿತು. ಆಡಳಿತ ಮಂಡಳಿಯ ಅಧ್ಯಕ್ಷರು ಅಕ್ಕನನ್ನು ಕರೆಸಿದರು. ಒಳ್ಳೆಯ ಮಾತಿನ, ಒಳ್ಳೆಯ ಇಸ್ತ್ರಿಯ ಮನುಷ್ಯ.

"ಇಬ್ಬರನ್ನ ಕಡಿಮೆ ಮಾಡ್ಬೇಕು ಮೇಡಂ. ಡ್ರಾಯಿಂಗಿನವರು ಹೇಗೂ ಮನೆಗೆ ಹೊರಟಿದ್ದಾರೆ. ಸಮಾಜ ವಿಜ್ಞಾನಕ್ಕೆ ಇಬ್ಬರಿದ್ದಾರೆ, ಒಬ್ಬರು ಸಾಕು. ಯಾರು ಅನ್ನೋದು ನಿಮಗೆ ಬಿಟ್ಟಿದ್ದು."

ಸಮಾಜ ವಿಜ್ಞಾನದ ಇನ್ನೊಬ್ಬರು ಎಂದರೆ ನಿದ್ದೆ ಮೇಷ್ಟ್ರು. ಮಕ್ಕಳಿಟ್ಟ ಹೆಸರು, ಸುಳ್ಳಲ್ಲ. ಪುಸ್ತಕದಲ್ಲಿ ಒಂದು ಪುಟ ತೋರಿಸಿ "ಓದ್ಕೊಳ್ಳಿ" ಎಂದು ಗಲ್ಲಕ್ಕೆ ಕೈಕೊಟ್ಟರೆ ಬೆಲ್ಲು ಹೊಡೆದಾಗಲೇ ಎಚ್ಚರ. ಅಕ್ಕ ಅವರ ಹಿಂದೆ ಬಿದ್ದು ಬಿದ್ದು ಸೋತಿದ್ದಳು. ತಂಗಿಯ ತರಗತಿ ಗದ್ದಲದ್ದೇ ಇರಬಹುದು, ಆದರೆ ಅಲ್ಲಿ ಕೊನೇಪಕ್ಷ ಟೀಚರ್ ಎಚ್ಚರವಾಗಿದ್ದಳು. ರಾತ್ರಿ ಕೂತು ರಟ್ಟಿನ ಮೇಲೆ ಭೂಪಟ ಬರೆದು ತರುತ್ತಿದ್ದಳು. ತೂಕ ಹಾಕಲು ಏನೂ ಇರಲಿಲ್ಲ. ಅಕ್ಕನಿಗೆ ಉತ್ತರ ಗೊತ್ತಿತ್ತು. ಆ ಉತ್ತರ ಹೇಳಿದರೆ ಸ್ಟಾಫ್‌ರೂಮಿನಲ್ಲಿ ಮೀಸೆಯ ಕೆಳಗೆ ಅರಳುವ ನಗೆಯೂ ಗೊತ್ತಿತ್ತು.

"ನನ್ನ ತಂಗೀನ ಕಳಿಸಿ," ಎಂದಳು.

ಅಧ್ಯಕ್ಷರು ಟೀ ಲೋಟ ಕೆಳಗಿಟ್ಟರು. "ಅವರು ನಿಮ್ಮ ಸ್ವಂತ ತಂಗಿ ಅಲ್ವಾ?"

"ಅದಕ್ಕೇ."

ಹೊರಗೆ ಬಂದಾಗ ಮೈ ಹಗುರಾಗಿತ್ತು. ಯಾರೂ ತನ್ನ ಕಡೆ ಬೆರಳು ತೋರಿಸುವಂತಿಲ್ಲ. ನಿಜ ಹೇಳಬೇಕೆಂದರೆ, ಬಸ್ಸಿನ ಕಿಟಕಿಯ ಪಕ್ಕ ಕೂತು ಮನೆಗೆ ಹೋಗುವಾಗ ಅವಳಿಗೆ ತನ್ನ ಬಗ್ಗೆಯೇ ಹೆಮ್ಮೆಯಾಗಿತ್ತು.

ತಂಗಿಗೆ ವಿಷಯ ತಿಳಿಸಿದ್ದು ಆಫೀಸಿನಲ್ಲಿ, ಮೇಜಿನ ಆಚೆ ಈಚೆ ಕೂತು. ಮನೆಯಲ್ಲಿ ಹೇಳಬಹುದಿತ್ತು, ಆದರೆ ಬೇರೆಯವರಿಗೆ ಹೇಗೆ ಹೇಳುತ್ತಿದ್ದಳೋ ಹಾಗೇ ಹೇಳಬೇಕೆಂದು ಹಟ. ತಂಗಿ ಪೂರ್ತಿ ಕೇಳಿಸಿಕೊಂಡಳು. ಬೆರಳಿಗೆ ಮೆತ್ತಿದ್ದ ಸೀಮೆಸುಣ್ಣದ ಪುಡಿಯನ್ನು ಇನ್ನೊಂದು ಕೈಯಿಂದ ಉಜ್ಜುತ್ತಲೇ ಇದ್ದಳು.

"ನನ್ನ ಪಾಠದಲ್ಲಿ ಏನು ಕೊರತೆ ಇತ್ತು ಮೇಡಂ?"

ಎಷ್ಟೋ ಜನರಿಗೆ ಅವರವರ ಕೊರತೆಯನ್ನು ಒಂದೇ ಮಾತಿನಲ್ಲಿ ಹೇಳಿದವಳು ಅಕ್ಕ. ಈ ಒಬ್ಬಳ ಬಗ್ಗೆ ಅವಳ ಹತ್ತಿರ ಏನೂ ಇರಲಿಲ್ಲ.

"ಹೇಳೋಕೆ ಆಗಲ್ಲ ಬಿಡಿ. ನೀವು ನೋಡೇ ಇಲ್ಲವಲ್ಲ." ತಂಗಿ ಎದ್ದಳು. "ನಾನು ಯಾರದೋ ಮಗಳಾಗಿದ್ರೆ ಇಷ್ಟು ಹೊತ್ತಿಗೆ ನನ್ನನ್ನ ಒಳ್ಳೆ ಟೀಚರ್ ಮಾಡಿರ್ತಿದ್ರಿ. ನಿಮ್ಮಮ್ಮನ ಮಗಳಾಗಿದ್ದೇ ತಪ್ಪಾಯ್ತು."

ಕುರ್ಚಿಯನ್ನು ಸದ್ದಾಗದಂತೆ ಮೇಜಿನ ಕೆಳಗೆ ತಳ್ಳಿ ಹೋದಳು. ಆಮೇಲೆ ಅವಳು ಅಕ್ಕನ ಮನೆಗೆ ಬರಲಿಲ್ಲ. ತಾಯಿಯನ್ನು ನೋಡಬೇಕಾದರೆ ಗಂಡನನ್ನು ಕಳಿಸಿ ತನ್ನ ಮನೆಗೇ ಕರೆಸಿಕೊಳ್ಳುತ್ತಿದ್ದಳು.

ತಾಯಿ ಬೈಯಲಿಲ್ಲ, ಅಳಲಿಲ್ಲ. ಒಂದು ಬೆಳಿಗ್ಗೆ ಅಕ್ಕ ಡಬ್ಬಿ ಕಟ್ಟಿಕೊಳ್ಳುತ್ತಿದ್ದಾಗ, ಗೋಡೆ ಹಿಡಿದುಕೊಂಡು ಬಂದು ಕೇಳಿದರು.

"ಅವಳಿಗೆ ನಿಜವಾಗ್ಲೂ ಪಾಠ ಮಾಡೋಕೆ ಬರ್ತಿರ್ಲಿಲ್ವೇನೇ?"

"ಬಸ್ಸಿಗೆ ಹೊತ್ತಾಯ್ತಮ್ಮ," ಎಂದಳು ಅಕ್ಕ.

ಶಾಲೆಯಲ್ಲಿ ಮೊದಲು ಎಲ್ಲರೂ ತಲೆದೂಗಿದರು. ಮೀಸೆ ಮೇಷ್ಟ್ರೇ ಎದ್ದುನಿಂತು, "ಅಕ್ಕ, ನಿಮ್ಮ ಬಗ್ಗೆ ಏನೇನೋ ಅಂದಿದ್ದೆ, ಮಾತು ವಾಪಸ್ ತಗೊಂಡೆ" ಎಂದರು. ನಿದ್ದೆ ಮೇಷ್ಟ್ರು ಒಂದಷ್ಟು ದಿನ ಬೆಲ್ಲಿಗೆ ಮೊದಲೇ ಬಂದು, ನಿಂತು ಪಾಠ ಮಾಡಿ, ಆಮೇಲೆ ಹಳೇ ಗಲ್ಲ ಹಳೇ ಕೈಗೆ ಮರಳಿದರು. ಆದರೆ ಬೇರೇನೋ ಬದಲಾಗಿತ್ತು. ಅಕ್ಕ ಸ್ಟಾಫ್‌ರೂಮಿಗೆ ಕಾಲಿಟ್ಟರೆ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. "ನನ್ನ ಕ್ಲಾಸಿಗೆ ಬನ್ನಿ" ಎಂದು ಒಬ್ಬರೂ ಬಾಗಿಲಲ್ಲಿ ತಲೆ ತೂರಿಸಲಿಲ್ಲ. ತಾನಾಗಿ ಹೋಗಿ ಕೂತರೆ, ಹಿಂದಿನ ದಿನವೇ ಮಕ್ಕಳಿಗೆ ಬಾಯಿಪಾಠ ಮಾಡಿಸಿಟ್ಟ ಉತ್ತರಗಳು ಪಟಪಟನೆ ಉದುರುತ್ತಿದ್ದವು. ಕೇಳುವ ಮೊದಲೇ ಎಲ್ಲ ಕೈಗಳೂ ಮೇಲೆ. ಎಲ್ಲ ಚೆಂದ, ಎಲ್ಲ ಸುಳ್ಳು.

ಒಂದು ದಿನ ಇಂಗ್ಲಿಷ್ ಟೀಚರ್ ಬರೆಯುವಾಗ ಬೋರ್ಡಿನ ಮೇಲೆ ಸೀಮೆಸುಣ್ಣ ಎರಡು ಸಲ ಮುರಿಯಿತು. ಅಕ್ಕ ಅವಳನ್ನು ಕಾರಿಡಾರಿಗೆ ಕರೆದಳು.

"ನಿನಗೇನಾಯ್ತು? ನನ್ನ ಮುಂದೆ ನಡುಗ್ತೀಯಾ?"

ಹುಡುಗಿ ತಲೆ ತಗ್ಗಿಸಿದಳು. "ಬೇಜಾರು ಮಾಡ್ಕೋಬೇಡಿ ಅಕ್ಕ. ಮೊದಲೆಲ್ಲ ನೀವು ಹಿಂದೆ ಕೂತ್ರೆ ನಮ್ಮಮ್ಮ ಕೂತ ಹಾಗಿತ್ತು. ಈಗ... ಒಡಹುಟ್ಟಿದವಳನ್ನೇ ಬಿಡಲಿಲ್ಲ ನೀವು. ನಾವು ಯಾವ ಲೆಕ್ಕ?"

"ನಾನು ನ್ಯಾಯವಾಗಿ ನಡ್ಕೊಂಡೆ ಕಣೇ."

"ಹೌದಕ್ಕ. ಅದಕ್ಕೇ ಭಯ."

ನಿದ್ದೆ ಮೇಷ್ಟ್ರು ಉಳಿದರು, ತಂಗಿ ಹೋದಳು ಎಂಬುದನ್ನು ಅವರೆಲ್ಲ ನೋಡಿದ್ದರು. ಒಳ್ಳೆಯ ಪಾಠ ಮಾಡಿದರೆ ಉಳಿಯುತ್ತೇವೆ ಎಂಬ ನಂಬಿಕೆಯೇ ಆ ದಿನ ಸತ್ತಿತ್ತು. ವರ್ಷಗಟ್ಟಲೆ ಕೊನೆಯ ಬೆಂಚಿನಲ್ಲಿ ಕೂತು ಕಟ್ಟಿದ್ದನ್ನು ಒಂದೇ ಮಾತಿನಲ್ಲಿ ಕೆಡವಿದವಳು ತಾನೇ ಎಂದು ಅಕ್ಕನಿಗೆ ಹೊಳೆದದ್ದು ಆ ಕಾರಿಡಾರಿನಲ್ಲಿ. ಹೊಳೆದು ಏನು ಬಂತು!

ಅಧ್ಯಕ್ಷರಿಗೆ ಮಾತ್ರ ಅವಳ ಮೇಲೆ ಅಭಿಮಾನ ಉಕ್ಕಿ ಹರಿಯಿತು. ಅವರಿಗೆ ಬೇರೆ ಶಾಲೆಗಳವರ ಜೊತೆಗೂ ಒಡನಾಟವಿತ್ತು. ಹತ್ತಾರು ಶಾಲೆಗಳು ಸೇರಿ ಮಾಡಿಕೊಂಡ ಶಿಕ್ಷಕರ ತರಬೇತಿ ಕೇಂದ್ರಕ್ಕೆ ಅವಳನ್ನೇ ಮುಖ್ಯಸ್ಥೆಯಾಗಿ ಕೂರಿಸಿದರು. ಶಾಲೆಯಿಂದ ಶಾಲೆಗೆ ಹೋಗಿ ಪಾಠ ನೋಡುವುದು, ಟೀಚರುಗಳಿಗೆ ಹೇಳಿಕೊಡುವುದು, ಟೀಚರುಗಳನ್ನೂ ಮುಖ್ಯೋಪಾಧ್ಯಾಯರನ್ನೂ ಕರೆದು ಸಭೆ ನಡೆಸುವುದು. ಅಕ್ಕನಿಗೆ ಒಪ್ಪುವ ಕೆಲಸವೇ. ಪ್ರತಿ ಸಭೆಯಲ್ಲೂ ಅಧ್ಯಕ್ಷರು ಮೈಕು ಹಿಡಿದು ಅವಳನ್ನು ಪರಿಚಯಿಸುತ್ತಿದ್ದರು. "ಸ್ವಂತ ತಂಗಿಯನ್ನೇ ಕೆಲಸದಿಂದ ಕಳಿಸಿದ ಗಟ್ಟಿಗಿತ್ತಿ ಇವರು. ನಾಯಕತ್ವ ಅಂದ್ರೆ ಇದು." ಸಭೆ ಚಪ್ಪಾಳೆ ತಟ್ಟುತ್ತಿತ್ತು. ಮೊದಲ ಸಲ ಅಕ್ಕ ನಾಚಿದಳು. ಆಮೇಲೆ ನೆಲ ನೋಡತೊಡಗಿದಳು.

"ಬೇರೆಯವರು ಡಿಗ್ರಿ ಹೇಳ್ಕೊಂಡು ಬದುಕ್ತಾರೆ," ಎಂದ ಅಕ್ಕನ ಗಂಡ ಒಂದು ದಿನ, ಚಪ್ಪಲಿ ಕಳಚುತ್ತ. ಸಾಮಾನ್ಯವಾಗಿ ಇಂಥದ್ದಕ್ಕೆಲ್ಲ ತಲೆ ಹಾಕದ ಮನುಷ್ಯ. "ನೀನು ತಂಗಿ ಹೊಟ್ಟೆ ಮೇಲೆ ಹೊಡೆದಿದ್ದನ್ನ ಹೇಳ್ಕೊಂಡು ಬದುಕ್ತಿದ್ದೀಯ."

ತಂಗಿ ಅಷ್ಟರಲ್ಲಿ ರೈಲು ಹಳಿಯ ಆಚೆ, ಟೈರ್ ಅಂಗಡಿಗಳ ಸಾಲಿನ ಹಿಂದಿದ್ದ ಪುಟ್ಟ ಶಾಲೆಯೊಂದಕ್ಕೆ ಸೇರಿದ್ದಳು. ಆ ಶಾಲೆಯೂ ತರಬೇತಿ ಕೇಂದ್ರಕ್ಕೆ ಸೇರಿದ್ದೇ. ಅಕ್ಕ ಏನೇನೋ ನೆಪ ಹೇಳಿ ಅಲ್ಲಿಗೆ ಹೋಗುವುದನ್ನು ಮುಂದೂಡುತ್ತ ಬಂದಳು. ಕೊನೆಗೆ ಆ ಶಾಲೆಯ ಮುಖ್ಯೋಪಾಧ್ಯಾಯಿನಿಯೇ ಫೋನ್ ಮಾಡಿ, "ನಮ್ಮ ಮೇಲೇನು ಕೋಪ ಮೇಡಂ? ಎಲ್ಲರ ಮನೆಗೂ ಹೋಗಿ ನಮ್ಮ ಬಾಗಿಲು ಮಾತ್ರ ಬಿಟ್ಟಿದ್ದೀರಲ್ಲ" ಎಂದರು. ದಪ್ಪ ದನಿಯ, ಜೋರು ನಗೆಯ ಹೆಂಗಸು. ಅಕ್ಕ ತಂಗಿಯರ ಸಂಬಂಧ ಅವರಿಗೆ ಗೊತ್ತಿರಲಿಲ್ಲ.

ತಂಗಿಯ ತರಗತಿ ಮಹಡಿಯ ಮೇಲಿನ ಉದ್ದನೆಯ ಕೋಣೆ. ಕೆಳಗಿನ ಟೈರಿನ ವಾಸನೆ ಕಿಟಕಿಯಿಂದ ಬರುತ್ತಿತ್ತು. ಅಕ್ಕ ಒಳಗೆ ಬಂದಾಗ ತಂಗಿ ಒಂದು ಕ್ಷಣ ನಿಂತಳು, ಅಷ್ಟೇ. "ಬನ್ನಿ, ಕೂತ್ಕೊಳ್ಳಿ" ಎಂದು ಹಿಂದಿನ ಬೆಂಚು ತೋರಿಸಿ ಪಾಠ ಮುಂದುವರಿಸಿದಳು.

ಬೋರ್ಡಿನ ಮೇಲೆ ಒಂದು ಊರಿನ ನಕ್ಷೆ. ನದಿ, ಸಂತೆ ಮೈದಾನ, ಆಸ್ಪತ್ರೆ, ಅತ್ತ ಬಡವರ ಮನೆಗಳು, ಇತ್ತ ಉಳ್ಳವರ ಮನೆಗಳು.

"ಈ ಊರಿಗೆ ಒಂದೇ ಸೇತುವೆ ಕಟ್ಟೋಕೆ ಆಗೋದು. ಎಲ್ಲಿ ಕಟ್ಟಬೇಕು ಅಂತ ಯಾರು ತೀರ್ಮಾನ ಮಾಡ್ಬೇಕು?"

ಯಾರೂ ಮಾತಾಡಲಿಲ್ಲ. ತಂಗಿ ಮೇಜಿನ ಮೇಲಿದ್ದ ನೀರಿನ ಬಾಟಲಿ ಎತ್ತಿ ನಿಧಾನವಾಗಿ ಒಂದು ಗುಟುಕು ಕುಡಿದಳು. ಮುಚ್ಚಳ ತಿರುಗಿಸಿದಳು. ಕೋಣೆ ನಿಶ್ಶಬ್ದ. ಅಕ್ಕನಿಗೇ ಚಡಪಡಿಕೆಯಾಗುವಷ್ಟು ನಿಶ್ಶಬ್ದ. ಆಗ ಕಿಟಕಿಯ ಹತ್ತಿರದ ಹುಡುಗಿಯೊಬ್ಬಳು ಮೆಲ್ಲಗೆ, "ಆಸ್ಪತ್ರೆಗೆ ಹೋಗೋಕಾಗದೆ ಇರೋರು ತೀರ್ಮಾನ ಮಾಡ್ಬೇಕು" ಎಂದಳು. ಇನ್ನೊಬ್ಬ, "ಅವರನ್ನ ಯಾರು ಕೇಳ್ತಾರೆ?" ಎಂದ. ಮತ್ತೊಬ್ಬಳು ಎದ್ದೇ ನಿಂತಳು. ತರಗತಿ ಹತ್ತಿಕೊಂಡಿತು. ತಂಗಿ ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುತ್ತ ಬೆಂಚುಗಳ ನಡುವೆ ಓಡಾಡಿದಳು. ಅಕ್ಕ ತನ್ನ ಬದುಕಿನಲ್ಲಿ ನೋಡಿದ ಒಳ್ಳೆಯ ಪಾಠಗಳಲ್ಲಿ ಅದೂ ಒಂದು.

ಆಫೀಸಿನಲ್ಲಿ ಮುಖ್ಯೋಪಾಧ್ಯಾಯಿನಿ ಟೀ ಕೊಡುತ್ತ ಹೊಗಳಿದ್ದೇ ಹೊಗಳಿದ್ದು. "ಬಂದಾಗ ಹೀಗಿರಲಿಲ್ಲ ಮೇಡಂ. ಪ್ರಶ್ನೆ ಕೇಳೋಳು, ಮಕ್ಕಳು ಯೋಚಿಸೋದ್ರೊಳಗೆ ತಾನೇ ಉತ್ತರ ಹೇಳಿಬಿಡೋಳು. ಎಲ್ಲೋ ತುಂಬಾ ಹೆದರಿಸಿಬಿಟ್ಟಿದ್ದಾರೆ, ಪಾಪ, ಸುಮ್ಮನಿರೋಕೆ ಭಯ. ಮಕ್ಕಳಿಗೇನು, ಹೇಗೂ ಇವರೇ ಹೇಳ್ತಾರಲ್ಲ ಅಂತ ಗಲಾಟೆಗೆ ಇಳಿಯೋರು. ನಾನು ಎರಡು ಪಾಠ ನೋಡಿ ಹೇಳ್ದೆ. ಪ್ರಶ್ನೆ ಕೇಳಿದ ಮೇಲೆ ಒಂದು ಗುಟುಕು ನೀರು ಕುಡಿ, ನೀನು ನುಂಗೋದ್ರೊಳಗೆ ಯಾರಾದ್ರೂ ಬಾಯಿ ಬಿಡ್ತಾರೆ ಅಂತ. ಅಷ್ಟೇ ನೋಡಿ!" ಎಂದು ಗಹಗಹಿಸಿ ನಕ್ಕರು.

ಅಕ್ಕ ಕುಡಿಯದೆ ಲೋಟ ಕೆಳಗಿಟ್ಟಳು. ಅಷ್ಟೇ. ಒಂದೇ ಮಾತು. ಒಂದು ಪಾಠ ನೋಡಿದ್ದರೆ ತನಗೂ ಕಾಣುತ್ತಿತ್ತು.

ಪಾಠದ ನಂತರ ಟೀಚರ್ ಜೊತೆ ಕೂತು ಮಾತಾಡುವುದು ಕ್ರಮ. ಮುಖ್ಯೋಪಾಧ್ಯಾಯಿನಿ ಇಬ್ಬರನ್ನೇ ಬಿಟ್ಟು ಹೊರಗೆ ಹೋದರು. ತಂಗಿ ಎದುರಿಗೆ ಕೂತಳು. ಕಿವಿಯ ಪಕ್ಕ ಎರಡು ಬಿಳಿ ಕೂದಲು ಮೂಡಿದ್ದನ್ನು ಅಕ್ಕ ಗಮನಿಸಿದಳು.

"ಪಾಠ ತುಂಬಾ ಚೆನ್ನಾಗಿತ್ತು."

"ಅಷ್ಟೇನಾ? ಎಲ್ಲರಿಗೂ ಒಂದಾದ್ರೂ ತಿದ್ದುಪಡಿ ಹೇಳ್ತೀರಂತೆ."

"ತಿದ್ದೋಕೆ ಏನಿಲ್ಲ. ಪುಟ್ಟಿ, ನಾನು ಅವತ್ತು..."

"ನನಗೆ ಇನ್ನೊಂದು ಕ್ಲಾಸಿದೆ," ಎಂದು ತಂಗಿ ತಡೆದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅಕ್ಕನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. "ಒಂದು ಕೇಳ್ಕೋಬೇಕು. ಸಭೆಯಲ್ಲಿ ನನ್ನ ಕಥೆ ಹೇಳಿಸೋದನ್ನ ನಿಲ್ಲಿಸಿ. ಹೋದ ಸಲ ನಾನೂ ಅಲ್ಲೇ ಕೂತಿದ್ದೆ, ಹಿಂದಿನ ಸಾಲಲ್ಲಿ. ಪಕ್ಕದವರೆಲ್ಲ ಚಪ್ಪಾಳೆ ತಟ್ತಿದ್ರು. ನಾನು ತಟ್ಟದೆ ಇದ್ರೆ ಯಾಕೆ ಅಂತ ಕೇಳ್ತಾರಲ್ಲ, ಅದಕ್ಕೆ ನಾನೂ ತಟ್ಟಿದೆ."

ಅಷ್ಟು ಹೇಳಿ ಎದ್ದು ಹೋದಳು.

ಮಾರನೆಯ ದಿನವೇ ಅಕ್ಕ ಅಧ್ಯಕ್ಷರ ಹತ್ತಿರ ಹೋಗಿ ಕೇಳಿಕೊಂಡಳು. "ಅದೇ ನಿಮ್ಮ ಬಲ ಮೇಡಂ, ಸಂಕೋಚ ಯಾಕೆ?" ಎಂದು ಅವರು ಕೈಯಾಡಿಸಿಬಿಟ್ಟರು. ಮುಂದಿನ ಸಭೆಯಲ್ಲಿ ಮೈಕು ಹಿಡಿದವರೇ ಮತ್ತೆ ಅದೇ ಕಥೆ, ಈ ಸಲ ಇನ್ನಷ್ಟು ಬಣ್ಣ ಹಚ್ಚಿ. ಸಭಾಂಗಣ ತುಂಬಿತ್ತು. ಅಕ್ಕ ಎದ್ದು ಮೈಕಿನ ಹತ್ತಿರ ಬಂದಳು.

"ಇವರು ಹೇಳಿದ್ದು ಸುಳ್ಳು," ಎಂದಳು. "ನಾನು ಮಾಡಿದ್ದು ನ್ಯಾಯ ಅಲ್ಲ. ಸ್ಟಾಫ್‌ರೂಮಿನಲ್ಲಿ ನಾಲ್ಕು ಜನ ಏನಂತಾರೋ ಅನ್ನೋ ಹೆದರಿಕೆ. ಆ ಹೆದರಿಕೆಗೆ ಒಬ್ಬ ಒಳ್ಳೆ ಟೀಚರನ್ನ ಕಳಿಸ್ದೆ. ಅವಳ ಪಾಠಾನ ನಾನು ಒಂದು ದಿನಾನೂ ನೋಡಿರಲಿಲ್ಲ. ನೋಡದೇ ಇರೋರು ತೀರ್ಪು ಕೊಡಬಾರದು. ನಾನು ಕೊಟ್ಟೆ."

ಅಕ್ಕ ಕಾದಳು. ಯಾರಾದರೂ ಎದ್ದು ಬೈಯಲಿ, ಪ್ರಶ್ನೆ ಕೇಳಲಿ, ಹೊರಗೆ ನಡೆಯಲಿ ಎಂದು ಕಾದಳು. ಆಗ ಮುಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಪಕ್ಕದವರು ಸೇರಿದರು. ನೋಡನೋಡುತ್ತ ಇಡೀ ಸಭಾಂಗಣ ಎದ್ದು ನಿಂತಿತು. ಅಧ್ಯಕ್ಷರು ಕಣ್ಣೊರೆಸಿಕೊಳ್ಳುತ್ತ ಮೈಕು ಎಳೆದುಕೊಂಡರು. "ನೋಡಿ, ಎಂಥ ವಿನಯ! ಮಾಡಿದ ತ್ಯಾಗವನ್ನೂ ತಪ್ಪು ಅಂತಾರೆ. ಇದಕ್ಕಿಂತ ದೊಡ್ಡ ಗುಣ ಬೇಕಾ?"

"ಇಲ್ಲ, ನಾನು ಹೇಳಿದ್ದು..." ಎಂದಳು ಅಕ್ಕ. ಮೈಕು ಅಧ್ಯಕ್ಷರ ಕೈಯಲ್ಲಿತ್ತು. ಅವಳ ದನಿ ಮೊದಲ ಸಾಲಿಗೂ ಮುಟ್ಟಲಿಲ್ಲ.

ಅವಳು ಆ ಕೆಲಸ ಬಿಡಲಿಲ್ಲ. ಬಿಟ್ಟು ಹೋಗುವುದೆಲ್ಲಿಗೆ? ಬೇರೆ ಯಾವ ವಿದ್ಯೆಯೂ ಅವಳಿಗೆ ಗೊತ್ತಿರಲಿಲ್ಲ. ಆ ವರ್ಷವಿಡೀ ಶಾಲೆಯಿಂದ ಶಾಲೆಗೆ ಹೋದಳು, ಹಿಂದಿನ ಬೆಂಚುಗಳಲ್ಲಿ ಕೂತಳು, ಪಾಠಗಳನ್ನು ನೋಡಿದಳು, ಒಂದೊಂದು ಮಾತು ಹೇಳಿದಳು. ಟೀಚರುಗಳು ಗೌರವದಿಂದ ತಲೆಯಾಡಿಸಿದರು. ಯಾರೂ ಅವಳ ಮುಂದೆ ಅಳಲಿಲ್ಲ.

ತಂಗಿಯ ಮನೆಯಲ್ಲಿ ನಾಲ್ಕು ದಿನವಿದ್ದು ತಾಯಿ ವಾಪಸು ಬಂದಾಗ, ಅಕ್ಕ ಅವರ ಕೈಚೀಲ ಇಳಿಸಿಕೊಳ್ಳುತ್ತ, ಕೇಳಬಾರದೆಂದುಕೊಂಡಿದ್ದನ್ನು ಕೇಳಿಯೇ ಬಿಟ್ಟಳು. "ಆ ಸಭೆ ವಿಷಯ ಪುಟ್ಟಿಗೆ ಗೊತ್ತಾಯ್ತಾ? ಏನಂದ್ಳು?"

"ಗೊತ್ತಾಗಿದೆ," ಎಂದರು ತಾಯಿ. ಕುರ್ಚಿಯಲ್ಲಿ ಕೂತು ಮಂಡಿ ನೀವಿಕೊಂಡರು. "ಈ ಸಲ ಚಪ್ಪಾಳೆ ಇನ್ನೂ ಜೋರಾಗಿತ್ತಂತೆ."

ಅಕ್ಕ ಚೀಲವನ್ನು ಒಳಗೆ ತೆಗೆದುಕೊಂಡು ಹೋಗಿ, ತಾಯಿಯ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮಡಿಸಿಡತೊಡಗಿದಳು. ಎಲ್ಲವನ್ನೂ ತಂಗಿ ಆಗಲೇ ಒಗೆದು ಮಡಿಸಿ ಕಳಿಸಿದ್ದಳು.